ಹೀಟರ್ ಸರಿ ಇತ್ತು, ಬಿಸಿ ಮಾತ್ರ ಬರಲಿಲ್ಲ: ಎರಡು ಗ್ಯಾರೇಜು, ಒಂದು ಟ್ರಕ್ಕು

ಇದು ಎರಡು ಗ್ಯಾರೇಜುಗಳ ವಿಮರ್ಶೆ. ಒಂದು, ನಾನು ಟ್ರಕ್ ಕೊಂಡ ಡೀಲರ್‌ನ ಸರ್ವೀಸ್ ಸೆಂಟರ್. ಗಾಜಿನ ಕಟ್ಟಡ, ಸೋಫಾ, ಕಾಫಿ ಮೆಷಿನ್, ಎಲ್ಲ ಇದೆ. ಇನ್ನೊಂದು, ಊರಾಚೆ ಇರುವ ಮೂರು ಬಾಗಿಲಿನ ಚಿಕ್ಕ ಗ್ಯಾರೇಜು. ಎರಡರ ಹೆಸರನ್ನೂ ಬರೆಯುವುದಿಲ್ಲ. ಟ್ರಕ್ ಕಂಪನಿಯ ಹೆಸರೂ ಬೇಡ. ಜಗಳ ಮುಗಿದಿದೆ, ಸುಮ್ನೆ ಮತ್ತೆ ಯಾಕೆ ಕೆದಕುವುದು. ಆದರೆ ಚಳಿ ದೇಶದಲ್ಲಿ ಎಲೆಕ್ಟ್ರಿಕ್ ಗಾಡಿ ಇಟ್ಟುಕೊಂಡಿರುವ ನಮ್ಮವರು ಬಹಳ ಜನ ಇದ್ದಾರೆ. ಅವರಿಗಾದರೂ ನನ್ನ ಹಾಗೆ ಆರು ವಾರ ಹಾಳಾಗದಿದ್ದರೆ ಸಾಕು ಅಂತ ಬರೆಯುತ್ತಿದ್ದೇನೆ.

ನಾನು ತಿಪಟೂರಿನವನು. ಅಮೆರಿಕದ ಮಿನ್ನೆಸೋಟಕ್ಕೆ ಬಂದು 14 ವರ್ಷವಾಯಿತು. ಮಿನಿಯಾಪೊಲಿಸ್‌ನ ಉತ್ತರಕ್ಕೆ ಮನೆ. ಹಾಲಿನ ಪ್ಲಾಂಟ್ ಒಂದರಲ್ಲಿ ಮೇಂಟೆನೆನ್ಸ್ ಕೆಲಸ, ಬೆಳಿಗ್ಗೆ 6ಕ್ಕೆ ಶಿಫ್ಟ್. ಮನೆಯಿಂದ 38 ಮೈಲಿ, ಅಂದರೆ 60 ಕಿಲೋಮೀಟರ್ ಚಿಲ್ಲರೆ. ಎಲೆಕ್ಟ್ರಿಕ್ ಪಿಕಪ್ ಟ್ರಕ್ ಕೊಂಡು ಎರಡೂವರೆ ವರ್ಷ. ಮೊದಲ ಎರಡು ಚಳಿಗಾಲ ಏನೂ ತೊಂದರೆ ಇರಲಿಲ್ಲ. ರಾತ್ರಿ ಪ್ಲಗ್ ಹಾಕಿ ಮಲಗುವುದು, ಬೆಳಿಗ್ಗೆ ಹಲ್ಲುಜ್ಜುತ್ತಾ ಫೋನಿನಲ್ಲೇ ಒಳಗೆ ಬಿಸಿ ಮಾಡುವುದು, ಹೊರಡುವುದು. ಪಕ್ಕದ ಮನೆಯ ಅಜ್ಜ ತಮ್ಮ ಡೀಸೆಲ್ ಟ್ರಕ್ಕಿಗೂ ರಾತ್ರಿ ಪ್ಲಗ್ ಹಾಕುತ್ತಾರೆ, ಎಂಜಿನ್ ಬ್ಲಾಕ್ ಬೆಚ್ಚಗಿರಲಿ ಅಂತ. ಇಲ್ಲಿ ಅದು ಮಾಮೂಲು. "ನಿಮ್ಮದೂ ಎಲೆಕ್ಟ್ರಿಕ್ಕೇ ಬಿಡಿ" ಅಂತ ನಾನು ರೇಗಿಸುತ್ತಿದ್ದೆ. ಈ ಡಿಸೆಂಬರ್‌ನಲ್ಲಿ ಅಜ್ಜನೇ ನನ್ನನ್ನು ರೇಗಿಸುವ ಹಾಗಾಯಿತು.

ಡಿಸೆಂಬರ್ ಎರಡನೇ ವಾರ. ಹೊರಗೆ ಮೈನಸ್ 19 ಡಿಗ್ರಿ ಸೆಲ್ಸಿಯಸ್. ಟ್ರಕ್ ಹತ್ತಿದಾಗ ಬಿಸಿ ಗಾಳಿ ಬಂತು. ಹೈವೇ ಸೇರುವಷ್ಟರಲ್ಲಿ ಉಗುರುಬೆಚ್ಚಗಾಯಿತು. ಇನ್ನೆರಡು ಮೈಲಿಗೆ ಫ್ರಿಜ್ ಬಾಗಿಲು ತೆಗೆದಂಥ ಗಾಳಿ. ಡ್ಯಾಶ್‌ಬೋರ್ಡ್ ಹಿಂದಿನಿಂದ ಗುಳುಗುಳು ಅಂತ ಸದ್ದು, ಯಾರೋ ಬಾಯಿ ಮುಕ್ಕಳಿಸಿದ ಹಾಗೆ. ಸೀಟು ಮತ್ತು ಸ್ಟೀರಿಂಗ್ ಮಾತ್ರ ಬಿಸಿ ಇದ್ದವು. ಅವಕ್ಕೆ ಬೇರೆ ಹೀಟರ್. ಬೆನ್ನು ಬೆಚ್ಚಗೆ, ಮೂಗು ಕಲ್ಲು. ಅದನ್ನಾದರೂ ತಡೆಯಬಹುದು. ಆದರೆ ಉಸಿರಿನ ಹಬೆ ಮುಂದಿನ ಗಾಜಿನ ಒಳಮೈಗೆ ಕೂತು ಅಲ್ಲೇ ಮಂಜುಗಡ್ಡೆ ಆಯಿತು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಲೈಬ್ರರಿ ಕಾರ್ಡ್ ಹಿಡಿದು ಗಾಜು ಕೆರೆಯುತ್ತಾ ಪ್ಲಾಂಟ್ ಸೇರಿದೆ. ಹಾಗೆ ಓಡಿಸಬಾರದಿತ್ತು, ಒಪ್ಪುತ್ತೇನೆ.

ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಸುಟ್ಟ ಇಂಧನದ ಹೆಚ್ಚು ಪಾಲು ಬಿಸಿಯಾಗಿಯೇ ಹೋಗುತ್ತದೆ. ಆ ಬಿಸಿಯನ್ನೇ ಒಳಗೆ ಬಿಡುತ್ತಾರೆ, ಪುಕ್ಕಟೆ. ಎಲೆಕ್ಟ್ರಿಕ್ ಮೋಟಾರ್ ಅಷ್ಟು ಬಿಸಿ ದಂಡ ಮಾಡುವುದಿಲ್ಲ, ಹಾಗಾಗಿ ಬೇರೆ ಒಲೆ ಬೇಕು. ಕೆಲವು ಗಾಡಿಗಳಲ್ಲಿ ಹೊರಗಿನ ಗಾಳಿಯ ಬಿಸಿಯನ್ನೇ ಒಳಗೆ ಎಳೆಯುವ ಹೀಟ್ ಪಂಪ್ ಇರುತ್ತದೆ. ನನ್ನದರಲ್ಲಿ ಇಲ್ಲ. ನನ್ನದರಲ್ಲಿ ಇರುವುದು ಬಚ್ಚಲುಮನೆ ಗೀಸರ್‌ನಂಥದ್ದು. ದೊಡ್ಡ ಬ್ಯಾಟರಿಯಿಂದ ಸುಮಾರು 400 ವೋಲ್ಟ್ ಕರೆಂಟ್ ಬರುತ್ತದೆ, ಒಳಗಿನ ಸೆರಾಮಿಕ್ ಬಿಲ್ಲೆಗಳು ಕಾಯುತ್ತವೆ, ಸುತ್ತ ಹರಿಯುವ ಕೂಲಂಟ್, ಅಂದರೆ ಚಳಿಗೆ ಹೆಪ್ಪುಗಟ್ಟದಂತೆ ಗ್ಲೈಕಾಲ್ ಅನ್ನುವ ದ್ರವ ಬೆರೆಸಿದ ನೀರು, ಬಿಸಿಯಾಗುತ್ತದೆ. ಚಿಕ್ಕ 12 ವೋಲ್ಟ್ ಪಂಪ್ ಒಂದು ಆ ಕೂಲಂಟನ್ನು ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ ತಳ್ಳುತ್ತದೆ. ಫ್ಯಾನ್ ಅದರ ಮೇಲೆ ಗಾಳಿ ಬೀಸುತ್ತದೆ. ಅಷ್ಟೇ. ಕೂಲಂಟ್ ಅಂದರೆ ತಂಪು ಮಾಡುವುದು ಅಂತ ಹೆಸರು, ಇಲ್ಲಿ ಅದರ ಕೆಲಸ ಬಿಸಿ ಹೊರುವುದು. ಬ್ಯಾಟರಿಗೆ, ಮೋಟಾರಿಗೆ ಬೇರೆ ಸುತ್ತು ಇದೆ. ನನ್ನ ಟ್ರಕ್ಕಿನ ಬಾನೆಟ್ ಕೆಳಗೆ ಎರಡು ಕೂಲಂಟ್ ಟ್ಯಾಂಕ್ ಇವೆ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಡೀಲರ್ ಹತ್ತಿರ ಮೂರು ಸಲ ಹೋದೆ.

ಮೊದಲ ಸಲ ಸಂಜೆ ಬಿಟ್ಟು ಬಂದೆ. ಗಾಡಿಯನ್ನು ಒಳಗೆ, ಬೆಚ್ಚಗಿನ ಹಾಲ್‌ನಲ್ಲಿ ನಿಲ್ಲಿಸಿದರು. ಮರುದಿನ ಫೋನ್ ಬಂತು. "ನಿಮ್ಮ ದೂರು ನಮಗೆ ಕಾಣಿಸಲಿಲ್ಲ ಸರ್. ಹೀಟರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಕೂಲಂಟ್ ಟ್ಯಾಂಕ್ ತುಂಬಿದೆ." ಎರಡನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು. ಪ್ರೆಶರ್ ಟೆಸ್ಟ್ ಮಾಡಿದೆವು, ಲೀಕ್ ಇಲ್ಲ ಅಂದರು. ಮನೆಗೆ ತಂದ ದಿನ ಚೆನ್ನಾಗಿತ್ತು. ಮಾರನೆ ದಿನ ಬೆಳಿಗ್ಗೆ ಅದೇ ಹಾಡು.

ಅಷ್ಟರಲ್ಲಿ ನನಗೂ ಹಟ ಬಂದಿತ್ತು. ನಮ್ಮ ಪ್ಲಾಂಟ್‌ನಲ್ಲಿ ಹಾಲು ತಂಪು ಮಾಡಲು ಗ್ಲೈಕಾಲ್ ಹರಿಯುವ ಪೈಪ್‌ಗಳಿವೆ, ಫರ್ಲಾಂಗ್‌ಗಟ್ಟಲೆ. ಗುಳುಗುಳು ಸದ್ದು ಕೇಳಿದರೆ ಗಾಳಿ ಸೇರಿದೆ ಅಂತ ನಿದ್ದೆಯಲ್ಲೂ ಹೇಳುತ್ತೇನೆ. 35 ಡಾಲರ್ ಕೊಟ್ಟು ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದರೆ ಒಳಗಿನ ಅಂಕಿಗಳು ಫೋನಿನಲ್ಲಿ ಕಾಣುತ್ತವೆ. ಮೈನಸ್ 21ರ ಬೆಳಿಗ್ಗೆ ನೋಡಿದೆ. ಹೀಟರ್ 6 ಕಿಲೋವ್ಯಾಟ್ ಎಳೆಯಿತು. ಎರಡೇ ನಿಮಿಷದಲ್ಲಿ ಅದರ ಬಾಯಲ್ಲಿದ್ದ ಕೂಲಂಟ್ 85 ಡಿಗ್ರಿ ಮುಟ್ಟಿತು. ಕೂಡಲೇ ಹೀಟರ್ ಸೊನ್ನೆಗೆ ಇಳಿಯಿತು. ನನ್ನ ಮುಖಕ್ಕೆ ಬರುತ್ತಿದ್ದ ಗಾಳಿ 7 ಡಿಗ್ರಿ. ಹಂಡೆಯಲ್ಲಿ ನೀರು ಕುದಿಯುತ್ತಿದೆ, ಬಚ್ಚಲಿಗೆ ಮಾತ್ರ ಬರುತ್ತಿಲ್ಲ. ಅಂದರೆ ಒಲೆ ಕೆಟ್ಟಿಲ್ಲ, ಹರಿವು ನಿಂತಿದೆ. ಒಂದು ವೇಳೆ ಹೀಟರ್ ಕರೆಂಟನ್ನೇ ಎಳೆಯದಿದ್ದರೆ ಮಾತು ಬೇರೆ. ಆಗ ಹೀಟರ್, ಫ್ಯೂಸ್ ಅಥವಾ ವೈರಿಂಗ್ ನೋಡಬೇಕು. ಈ ಒಂದು ಅಂಕಿ ನೋಡಿದ್ದರೆ ಅರ್ಧ ದಾರಿ ಕಳೆಯುತ್ತಿತ್ತು.

ಆಮೇಲೆ ಟ್ಯಾಂಕ್ ನೋಡಿದೆ. ಎರಡರಲ್ಲಿ ಬ್ಯಾಟರಿಯ ಟ್ಯಾಂಕ್ ಸರಿಯಾಗಿತ್ತು. ಹಿಂದೆ, ಪ್ಲಾಸ್ಟಿಕ್ ಮುಚ್ಚಿಗೆಯ ಅಡಿಯಲ್ಲಿದ್ದ ಹೀಟರ್ ಟ್ಯಾಂಕ್ ಗೆರೆಗಿಂತ ಕೆಳಗಿತ್ತು. ಡೀಲರ್ ಅಲ್ಲಿ ಯಾವ ಟ್ಯಾಂಕ್ ನೋಡಿ "ತುಂಬಿದೆ" ಅಂದರೋ ನೀವೇ ಊಹಿಸಿ. ಚಳಿಗೆ ಕೂಲಂಟ್ ಕುಗ್ಗುತ್ತದೆ, ಹಾಗಾಗಿ ಒಂದು ದಿನ ಮಟ್ಟ ಕಡಿಮೆ ಕಂಡರೆ ಲೀಕ್ ಅಂತ ಹೇಳಲಾಗುವುದಿಲ್ಲ. ಅದಕ್ಕೇ ಪ್ರತಿದಿನ ಬೆಳಿಗ್ಗೆ 5ಕ್ಕೆ, ಗಾಡಿ ತಣ್ಣಗಿರುವಾಗ, ಟ್ಯಾಂಕ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಲು ಶುರು ಮಾಡಿದೆ. ಎಂಟು ದಿನಕ್ಕೆ ಒಂದು ಬೆರಳಿನಷ್ಟು ಇಳಿಯಿತು. ಲೀಕ್ ಇದೆ. ಆದರೆ ಮನೆ ಮುಂದಿನ ಬಿಳಿ ಹಿಮದ ಮೇಲೆ ಒಂದು ಹನಿ ಬಣ್ಣ ಇಲ್ಲ. ಟ್ರಕ್ ಒಳಗೆ ಸಿಹಿ ವಾಸನೆ ಇಲ್ಲ, ಗಾಜಿನ ಮೇಲೆ ಜಿಡ್ಡಿಲ್ಲ. ಡ್ಯಾಶ್‌ಬೋರ್ಡ್ ಹಿಂದಿನ ರೇಡಿಯೇಟರ್ ಸೋರಿದ್ದರೆ ಇವೆರಡೂ ಇರುತ್ತಿದ್ದವು.

ಇಷ್ಟನ್ನೂ ಫೋಟೋ ಸಮೇತ ಮೂರನೇ ಸಲ ಡೀಲರ್ ಮುಂದೆ ಇಟ್ಟೆ. ಸರ್ವೀಸ್ ಅಡ್ವೈಸರ್ ಒಳ್ಳೆಯ ಹುಡುಗಿ. ಪೂರ್ತಿ ಕೇಳಿಸಿಕೊಂಡಳು, ಬರೆದುಕೊಂಡಳು. ಆದರೆ ಅವಳು ಬರೆದದ್ದು ಒಳಗಿನ ಮೆಕ್ಯಾನಿಕ್‌ವರೆಗೆ ತಲುಪಿತೋ ಇಲ್ಲವೋ, ಅವರು ವಾರಂಟಿಯಲ್ಲಿ ಹೀಟರನ್ನೇ ಬದಲಾಯಿಸಿದರು. ಹೊಸ ಹೀಟರ್ ಬರಲು ಹನ್ನೊಂದು ದಿನ ಕಾದೆ. ಒಳ್ಳೆಯ ಹೀಟರ್ ತೆಗೆದು ಒಳ್ಳೆಯ ಹೀಟರ್ ಹಾಕಿ ಕೊಟ್ಟರು. ಗುಳುಗುಳು ಸದ್ದು ಮೊದಲಿಗಿಂತ ಜಾಸ್ತಿಯಾಯಿತು.

ಸಂಕ್ರಾಂತಿ ದಿನ ಮೇಪಲ್ ಗ್ರೋವ್ ದೇವಸ್ಥಾನಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಮಗಳು ರಜಾಯಿ ಹೊದ್ದು ಕೂತು ಕಿಟಕಿಯ ಒಳಗಿನ ಮಂಜಿನ ಮೇಲೆ ಕಬ್ಬಿನ ಚಿತ್ರ ಬರೆಯುತ್ತಿದ್ದಳು. ಹೆಂಡತಿಯ ತೊಡೆಯ ಮೇಲೆ ಎಳ್ಳುಬೆಲ್ಲದ ಡಬ್ಬಿ. "ರೀ, ಒಳ್ಳೆ ಮಾತಾಡಬೇಕಾದ ದಿನ ನನ್ನ ಬಾಯಿ ಕಟ್ಟಿ ಹಾಕಬೇಡಿ, ವಾಪಸ್ ತಿರುಗಿಸಿ" ಅಂದಳು. ತಿರುಗಿಸಿದೆ. ಅವಳ ಹಳೆಯ ಪೆಟ್ರೋಲ್ ಕಾರಿನಲ್ಲಿ ಹೋದೆವು. ಐದು ನಿಮಿಷಕ್ಕೆ ಬಿಸಿ ಗಾಳಿ. ನಾನು ಏನೂ ಮಾತಾಡಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ತೋಟದಲ್ಲಿ ನಲವತ್ತು ವರ್ಷ ಪಂಪ್‌ಸೆಟ್ ಜೊತೆ ಗುದ್ದಾಡಿದವರು. "ಏರ್ ಹಿಡ್ಕೊಂಡೈತೆ ಕಣೋ, ಪ್ರೈಮ್ ಮಾಡಿದ್ರಾ ಇಲ್ವಾ?" ಅಂದರು. ಪ್ರೈಮ್ ಅಂದರೆ ಪಂಪ್‌ಗೆ ನೀರು ತುಂಬಿ ಗಾಳಿ ಹೊರಹಾಕುವುದು. ಮಾಡಿಲ್ಲ ಅನ್ನಿಸುತ್ತದೆ ಅಂದೆ. "ಮತ್ತೆ ಫುಟ್‌ವಾಲ್ವ್ ಸೋರ್ತಿದ್ರೆ ಎಷ್ಟು ಪ್ರೈಮ್ ಮಾಡಿದ್ರೂ ಅಷ್ಟೇ" ಅಂತ ಸೇರಿಸಿದರು. ಫುಟ್‌ವಾಲ್ವ್ ಅಂದರೆ ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್. ಟ್ರಕ್ಕಿನಲ್ಲಿ ಅದು ಇಲ್ಲ, ಆದರೆ ಆ ಎರಡನೇ ಮಾತು ಡೀಲರ್‌ನಲ್ಲಿ ಯಾರೂ ಆಡಿರಲಿಲ್ಲ. ಗಾಳಿ ತೆಗೆದರೆ ಸಾಲದು, ಎಲ್ಲಿಂದ ಬಂತು ಅಂತ ಗೊತ್ತಾಗಬೇಕು.

ಚಿಕ್ಕ ಗ್ಯಾರೇಜಿನ ದಾರಿ ತೋರಿಸಿದ್ದು ಪಕ್ಕದ ಮನೆ ಅಜ್ಜ. ಅಲ್ಲಿ ಒಬ್ಬ ಯುವಕ ಎಲೆಕ್ಟ್ರಿಕ್ ಗಾಡಿಗಳ ತರಬೇತಿ ಪಡೆದವನು, ಮಂಗಳವಾರದಿಂದ ಗುರುವಾರ ಮಾತ್ರ ಬರುತ್ತಾನೆ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆ ಅನ್ನುವ ಭಯ ನನಗೂ ಇತ್ತು. ಅಮೆರಿಕದಲ್ಲಿ ಅದಕ್ಕೆ 1975ರ ಮ್ಯಾಗ್ನುಸನ್-ಮಾಸ್ ಕಾನೂನು ಇದೆ. ಬೇರೆ ಕಡೆ ಮಾಡಿಸಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ತಳ್ಳಿಹಾಕುವಂತಿಲ್ಲ.

ಹುಡುಗ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಗೇ ನನಗೆ ಅವನ ಮೇಲೆ ನಂಬಿಕೆ ಬಂತು. "ಡೀಲರ್ ಹತ್ತಿರ ರಾತ್ರಿ ಗಾಡಿ ಒಳಗೆ ಇತ್ತಾ, ಹೊರಗೆ ಇತ್ತಾ?" ಒಳಗೆ ಅಂದೆ. "ನಮ್ಮಲ್ಲಿ ಹೊರಗೇ ಇರುತ್ತೆ. ಸೋಮವಾರ ಸಂಜೆ ಬಿಡಿ. ಬೆಳಿಗ್ಗೆ ನಾನು ಬರುವವರೆಗೆ ಯಾರೂ ಆನ್ ಮಾಡಬಾರದು."

ಅವತ್ತು ರಾತ್ರಿ ಮೈನಸ್ 24. ಬೆಳಿಗ್ಗೆ ನಾನೂ ರಜೆ ಹಾಕಿ ಹೋದೆ. ಹುಡುಗ ಅಂಗಳದಲ್ಲೇ, ತಣ್ಣಗಿರುವ ಗಾಡಿಯ ಹೀಟರ್ ಟ್ಯಾಂಕಿಗೆ ಕೈ ಪಂಪ್ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿದ್ದಷ್ಟೇ ಒತ್ತಡ ಕೊಟ್ಟ. ಮುಳ್ಳು ನಮ್ಮ ಕಣ್ಣೆದುರೇ ಮೆಲ್ಲಗೆ ಇಳಿಯಿತು. ಡೀಲರ್ ಹತ್ತಿರ ಇದೇ ಟೆಸ್ಟ್‌ನಲ್ಲಿ ಮುಳ್ಳು ಅಲುಗಾಡಿರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಬೆಚ್ಚಗಿನ ಹಾಲ್‌ನಲ್ಲಿ ರಬ್ಬರ್ ಹೋಸ್ ಮೆತ್ತಗಾಗಿ ಹಿಗ್ಗಿ ಜಾಯಿಂಟ್ ಬಿಗಿಯಾಗಿ ಕೂರುತ್ತದೆ. ಚಳಿಯಲ್ಲಿ ಅದೇ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ, ಅದನ್ನು ಬಿಗಿಹಿಡಿಯುವ ಕ್ಲ್ಯಾಂಪ್ ಸಡಿಲವಾಗಿದ್ದರೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಒತ್ತಡ ಇದ್ದಾಗ ಅಲ್ಲಿಂದ ಕೂಲಂಟ್ ಹೊರಗೆ. ಗಾಡಿ ಆರಿ ಒಳಗೆಲ್ಲ ಕುಗ್ಗುವಾಗ ಅದೇ ದಾರಿಯಲ್ಲಿ ಗಾಳಿ ಒಳಗೆ. ಅಂದರೆ ನನ್ನ ಟ್ರಕ್ಕಿನ ರೋಗ ಇದ್ದದ್ದು ಚಳಿಯಲ್ಲಿ ಮಾತ್ರ. ಮೂರು ಸಲವೂ ಅದನ್ನು ಬೆಚ್ಚಗಿನ ಕೋಣೆಯಲ್ಲಿ ಮಲಗಿಸಿ ಜ್ವರ ನೋಡಿದ್ದರು.

ಆಮೇಲೆ ಗಾಡಿಯನ್ನು ಒಳಗೆ ತಂದು ಎತ್ತಿದ. ಹೈ ವೋಲ್ಟೇಜ್ ಬಂದ್ ಮಾಡಿ, ಸ್ವಲ್ಪ ಹೊತ್ತು ಕಾದು, ಮೀಟರ್ ಇಟ್ಟು ನೋಡಿ, 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡೇ ಆ ಭಾಗಕ್ಕೆ ಕೈ ಹಾಕಿದ. ಕಿತ್ತಳೆ ಬಣ್ಣದ ವೈರ್ ಕಂಡಲ್ಲಿ ನೀವು ನಾನು ಕೈ ಇಡಬಾರದು, ಪ್ಲಾಂಟ್ ಅನುಭವ ಎಷ್ಟಿದ್ದರೂ ಸರಿ. ಹೊಟ್ಟೆಯ ಕೆಳಗಿನ ದೊಡ್ಡ ಪ್ಲಾಸ್ಟಿಕ್ ತಟ್ಟೆ ಬಿಚ್ಚಿದಾಗ ಗುಟ್ಟು ರಟ್ಟಾಯಿತು. ಒಂದು ಮೂಲೆಯಲ್ಲಿ ಕಿತ್ತಳೆ ಬಣ್ಣದ ಕೂಲಂಟ್ ಜೋನಿ ಬೆಲ್ಲದ ಹಾಗೆ ಅಂಟಿಕೊಂಡಿತ್ತು. ಹನಿ ನೆಲಕ್ಕೆ ಬೀಳದೆ ತಟ್ಟೆಯಲ್ಲೇ ಕೂತಿತ್ತು, ಅದಕ್ಕೇ ಹಿಮ ಬೆಳ್ಳಗಿತ್ತು. ಮೇಲೆ ನೋಡಿದರೆ ಪಂಪ್‌ನಿಂದ ಹೀಟರ್‌ಗೆ ಹೋಗುವ ಹೋಸ್. ಪಂಪ್ ಕಡೆಯ ಕ್ಲ್ಯಾಂಪ್ ಸ್ವಲ್ಪ ವಾರೆಯಾಗಿ ಕೂತಿತ್ತು.

ಇಲ್ಲಿ ನನ್ನದೂ ಒಂದು ತಪ್ಪು ಹೊರಬಿತ್ತು. ಹುಡುಗ ಟ್ಯಾಂಕಿನಿಂದ ಒಂದು ಹನಿ ತೆಗೆದು, ಕೂಲಂಟ್ ಎಷ್ಟು ಚಳಿ ತಡೆಯುತ್ತದೆ ಅಂತ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿದ. ಮೈನಸ್ 27ಕ್ಕೇ ಗಟ್ಟಿಯಾಗಲು ಶುರುವಾಗುವಷ್ಟು ತೆಳುವಾಗಿತ್ತು. ಗ್ಲೈಕಾಲ್ ಮತ್ತು ನೀರು ಅರ್ಧರ್ಧ ಇದ್ದರೆ ಮೈನಸ್ 37ರವರೆಗೆ ತಡೆಯುತ್ತದೆ. "ಇದಕ್ಕೆ ಯಾರು ನೀರು ಹಾಕಿದ್ದು?" ಅಂತ ಕೇಳಿದ. ನಾನೇ. ಮಟ್ಟ ಇಳಿಯುವುದು ಕಂಡ ಮೇಲೆ ಎರಡು ಸಲ ಡಿಸ್ಟಿಲ್ಡ್ ವಾಟರ್ ಸುರಿದಿದ್ದೆ. ಬೈಯಲಿಲ್ಲ, ಒಂದು ಸಲ ನೋಡಿದ, ಅಷ್ಟೇ. ಹಾಗಂತ ನೀರೇ ಸೇರಿಸದ ಕೂಲಂಟ್ ಸುರಿದರೆ ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ಬರೀ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ. ನೀರು ಸೇರಿದರೇ ಅದಕ್ಕೆ ಶಕ್ತಿ. ಬಣ್ಣ ನೋಡಿ ಕೊಳ್ಳುವುದೂ ಮೋಸ, ಬಣ್ಣಕ್ಕೆ ಒಂದು ಕಟ್ಟುಪಾಡಿಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಬೇಕು. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಚೆಲ್ಲಿದ್ದನ್ನು ಕೂಡಲೇ ಒರೆಸಿ. ಸಿಹಿ ಇರುತ್ತದೆ, ನೆಕ್ಕುತ್ತವೆ, ಅದು ವಿಷ.

ಹೋಸ್ ಮತ್ತು ಕ್ಲ್ಯಾಂಪ್ ಹೊಸದು ಹಾಕಿದ. ಹಾಕಿದ್ದು ಸ್ಪ್ರಿಂಗ್ ಕ್ಲ್ಯಾಂಪ್, ರಬ್ಬರ್ ಕುಗ್ಗಿದರೂ ಹಿಡಿತ ಬಿಡುವುದಿಲ್ಲ. ನಂತರ ನಾನು ನೋಡಬೇಕೆಂದಿದ್ದ ಕೆಲಸ: ವ್ಯಾಕ್ಯೂಮ್ ಹಾಕಿ ಕೂಲಂಟ್ ತುಂಬುವುದು. ಮೇಲಿನಿಂದ ಸುರಿದರೆ ಸುತ್ತಿ ಸುತ್ತಿ ಹೋಗುವ ಪೈಪ್‌ಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಚಿಕ್ಕ ಪಂಪ್‌ಗೆ ಗಾಳಿಗುಳ್ಳೆ ತಳ್ಳುವ ತಾಕತ್ತಿಲ್ಲ. ಅದಕ್ಕೆ ಮೊದಲು ಒಳಗಿನ ಗಾಳಿ ಪೂರ್ತಿ ಎಳೆದು ಐದು ನಿಮಿಷ ಬಿಟ್ಟ. ಮುಳ್ಳು ನಿಂತಲ್ಲೇ ನಿಂತಿತು, ಅಂದರೆ ಲೀಕ್ ಇಲ್ಲ. ವಾಲ್ವ್ ತೆರೆದ ತಕ್ಷಣ ಬಕೆಟ್‌ನಲ್ಲಿದ್ದ ಕೂಲಂಟನ್ನು ಸಿಸ್ಟಮ್ ತಾನೇ ಸೊರ್ ಅಂತ ಹೀರಿಕೊಂಡಿತು. ಲ್ಯಾಪ್‌ಟಾಪ್‌ನಿಂದ ಪಂಪ್ ಓಡಿಸುತ್ತಾ ಇನ್ನೂ ಮುಕ್ಕಾಲು ಗಂಟೆ ಉಳಿದ ಗುಳ್ಳೆ ಬಿಡಿಸಿದ. ಡೀಲರ್ ಹೀಟರ್ ಬದಲಾಯಿಸಿದಾಗ ಈ ಕೆಲಸ ಮಾಡಿರಲಿಲ್ಲ ಅಂತ ನನ್ನ ಅನುಮಾನ. ಇಲ್ಲದಿದ್ದರೆ ಸದ್ದು ಜಾಸ್ತಿ ಆಗುವುದಕ್ಕೆ ಬೇರೆ ಕಾರಣ ನನಗೆ ತೋಚುವುದಿಲ್ಲ.

ಮುಗಿಯಿತಾ? ಇಲ್ಲ. ಗಾಡಿ ಇನ್ನೊಂದು ರಾತ್ರಿ ಹೊರಗೇ ಇರಲಿ, ನಾಳೆ ಬನ್ನಿ ಅಂದ. ಬುಧವಾರ ಬೆಳಿಗ್ಗೆ ಮೈನಸ್ 22ರಲ್ಲಿ ಮತ್ತೆ ಒತ್ತಡ ಕೊಟ್ಟು ನೋಡಿ, ಆಮೇಲೆ ಕೀ ಕೊಟ್ಟ. ಬಿಲ್: ಮೂರು ಗಂಟೆ ಕೆಲಸಕ್ಕೆ 390, ಹೋಸ್ ಮತ್ತು ಕ್ಲ್ಯಾಂಪ್ 46, ಕೂಲಂಟ್ 52. ಒಟ್ಟು 488 ಡಾಲರ್. ವಾರಂಟಿಯಲ್ಲಿ ಪುಕ್ಕಟೆ ಆಗಬೇಕಿದ್ದ ಕೆಲಸ. ಡೀಲರ್ ಹತ್ತಿರ ಹೋಗಿ ಬಿಲ್ ತೋರಿಸಿದೆ. ಹೊರಗಿನ ಕೆಲಸಕ್ಕೆ ಹಣ ಕೊಡುವುದಿಲ್ಲ ಅಂದರು. ಸ್ವಲ್ಪ ದನಿ ಏರಿಸಿದ ಮೇಲೆ ಮುಂದಿನ ಸರ್ವೀಸ್‌ನಲ್ಲಿ 150 ಡಾಲರ್ ಬಿಡುತ್ತೇವೆ ಅಂದರು. ಬರಹದಲ್ಲಿ ತೆಗೆದುಕೊಂಡಿದ್ದೇನೆ.

ಅಂಕ ಕೊಡುವುದಾದರೆ ಡೀಲರ್‌ಗೆ 5ಕ್ಕೆ 2. ಮಾತಿನಲ್ಲಿ ಮರ್ಯಾದೆ ಇತ್ತು, ಕಾಯುವಾಗ ಓಡಿಸಲು ಬೇರೆ ಕಾರು ಕೊಟ್ಟರು, ಆ ಎರಡೂ ಅದಕ್ಕೆ. ಸಾಫ್ಟ್‌ವೇರ್ ಕೆಲಸಕ್ಕೆ, ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಯುವ ರೀಕಾಲ್‌ಗೆ ಅಲ್ಲಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಹೋದರೆ ಗಾಡಿಯನ್ನು ರಾತ್ರಿ ಹೊರಗೆ ನಿಲ್ಲಿಸಿ ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿ ಅಂತ ಕೆಲಸದ ಚೀಟಿಯಲ್ಲಿ ಬರೆಸಿ. ಬಾಯಲ್ಲಿ ಹೇಳಿ ಬರಬೇಡಿ.

ಚಿಕ್ಕ ಗ್ಯಾರೇಜಿಗೆ 4. ಒಂದು ಅಂಕ ಯಾಕೆ ಕಡಿಮೆ ಅಂದರೆ ಕಾಯಲು ಜಾಗ ಇಲ್ಲ, ಟೈರ್ ರಾಶಿಯ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ. ಶುಕ್ರವಾರ ಗಾಡಿ ಕೆಟ್ಟರೆ ಮಂಗಳವಾರದವರೆಗೆ ಕಾಯಬೇಕು. ಫೋನ್ ಎತ್ತುವುದು ಅವರ ಇಷ್ಟ ಬಂದಾಗ. ಕಾಫಿ ಬಗ್ಗೆ ತಿಪಟೂರಿನವನ ಹತ್ತಿರ ಕೇಳಲೇಬೇಡಿ.

ಇದು ಆಗಿ ಐದು ವಾರ. ಮಧ್ಯೆ ಒಂದು ಸಲ ಡುಲುತ್‌ವರೆಗೆ ಹೋಗಿ ಬಂದೆವು, ಒಂದು ಕಡೆಗೇ 100 ಮೈಲಿಗಿಂತ ಜಾಸ್ತಿ. ದಾರಿಯಲ್ಲಿ ಹಿಂಕ್ಲಿಯಲ್ಲಿ ಚಾರ್ಜ್‌ಗೆ ನಿಂತಾಗ ಹೆಂಡತಿ ಜಾಕೆಟ್ ಬಿಚ್ಚಿ ಹಿಂದಕ್ಕೆ ಎಸೆದಳು. ಸೆಖೆ ಅಂತೆ. ಮಾರ್ಕರ್ ಈಗಲೂ ಬಾನೆಟ್ ಕೆಳಗೇ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ 5ಕ್ಕೆ ನೋಡಿದಾಗ ಕೂಲಂಟ್ ಅದೇ ಗೆರೆಯಲ್ಲಿತ್ತು.